ಕೆಳಭಾಗ ನಕಾಶೆಯಲ್ಲಿ ಮೇಲಿರುತ್ತದೆ

ರಾಯಚೂರು ಜಿಲ್ಲಾಧಿಕಾರಿಗಳಿಗೆ, ಹಾಗೂ ಜಿಲ್ಲೆಯಲ್ಲಿ ಕೌಶಲ್ಯ ತರಬೇತಿಯ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಸಿಂಧನೂರು ತಾಲ್ಲೂಕಿನವನು, ಪರವಾನಗಿ ಭೂಮಾಪಕ. ಹೊಲ ಪಾಲು ಮಾಡುವ ಪೋಡಿ, ಗಡಿ ಗುರುತಿಸುವ ಹದ್ದುಬಸ್ತು, ಜಮೀನಿನ ಭಾಗ ಮಾರಲು ಬೇಕಾಗುವ 11ಇ ನಕ್ಷೆ ಅಂತ ಊರೂರು ಸುತ್ತಿ, ಅಣ್ಣತಮ್ಮಂದಿರ ಜಗಳದ ನಡುವೆ ಟೇಪು ಹಿಡಿದು ನಿಂತು ಬದುಕು ಕಟ್ಟಿಕೊಂಡವನು. ಎರಡು ವರ್ಷದಿಂದ ಸಂಜೆ ಹೊತ್ತು ಇನ್ನೊಂದು ಕೆಲಸವೂ ಅಂಟಿಕೊಂಡಿದೆ. ಕೆಲಸ ಹುಡುಕುತ್ತಿರುವ ದೊಡ್ಡವರಿಗೆ ನಕಾಶೆ ಓದುವುದನ್ನು ಕಲಿಸುತ್ತೇನೆ. 22 ವರ್ಷದ ಹುಡುಗರಿಂದ ಹಿಡಿದು 50 ದಾಟಿದ ಅಕ್ಕಂದಿರವರೆಗೆ ಬರುತ್ತಾರೆ.

ನಾನು ಕೇಳುವುದು ಸಣ್ಣದು. ಜಿಲ್ಲೆಯಲ್ಲಿ ನಡೆಯುವ ಅಲ್ಪಾವಧಿ ಉದ್ಯೋಗ ತರಬೇತಿಗಳಲ್ಲಿ, ಅದು ಡ್ರೈವಿಂಗ್ ಇರಲಿ, ಎಲೆಕ್ಟ್ರಿಷಿಯನ್ ಕೆಲಸ ಇರಲಿ, 15 ಗಂಟೆ ನಕಾಶೆಗೆ ಕೊಡಿಸಿ. ಅದರಲ್ಲಿ ಅರ್ಧ ಹೊತ್ತು ಹೊರಗೆ, ಬಿಸಿಲಿನಲ್ಲಿ. ಪಾಠ, ಕಲಿಯುವವರ ಊರ ನಕಾಶೆಯಿಂದ ಶುರುವಾಗಲಿ.

ಯಾಕೆ ಅಂತ ಹೇಳುತ್ತೇನೆ.

ಒಂದು ತರಬೇತಿ ಕೇಂದ್ರಕ್ಕೆ ನನ್ನನ್ನು ಕರೆದಿದ್ದರು. ಹೆಸರು ಬೇಡ, ಅವರ ಮನಸ್ಸು ಒಳ್ಳೆಯದೇ. ಗೋಡೆಗೆ ಪ್ರಪಂಚದ ನಕಾಶೆ ತೂಗು ಹಾಕಿದ್ದರು. ಕೈಪಿಡಿಯಲ್ಲಿ 'ನಕ್ಷೆ ಪರಿಚಯ' ಅಂತ ಒಂದೇ ಒಂದು ಗಂಟೆ. ಅಕ್ಷಾಂಶ, ರೇಖಾಂಶ, ಕರ್ಕಾಟಕ ಸಂಕ್ರಾಂತಿ ವೃತ್ತ. ಮುಂದೆ ಕೂತವರು 28 ಜನ. ಭತ್ತ ನಾಟಿ ಮಾಡುವವರು, ಬೆಂಗಳೂರಿಗೆ ಗುಳೆ ಹೋಗಿ ಸೆಂಟ್ರಿಂಗ್ ಕೆಲಸ ಮಾಡಿ ಬಂದವರು, ಪಿಯುಸಿಗೇ ನಿಂತವರು. ಗಂಟೆ ಮುಗಿಯಿತು, ಒಬ್ಬರೂ ಪ್ರಶ್ನೆ ಕೇಳಲಿಲ್ಲ. ದೊಡ್ಡವರ ಕ್ಲಾಸಿನಲ್ಲಿ ಪ್ರಶ್ನೆ ಬರಲಿಲ್ಲ ಅಂದರೆ ಎಲ್ಲ ಅರ್ಥವಾಗಿದೆ ಅಂತ ತಿಳಿಯಬಾರದು. ಎಲ್ಲರ ಮುಂದೆ ಮರ್ಯಾದೆ ಯಾಕೆ ಕಳೆದುಕೊಳ್ಳಬೇಕು ಅಂತ ಸುಮ್ನೆ ಕೂತಿರುತ್ತಾರೆ.

ಮರುದಿನ ನಾನು ಕೊಪ್ಪಳ, ರಾಯಚೂರು ಎರಡೂ ಜಿಲ್ಲೆ ಇರುವ ಒಂದು ನಕಾಶೆ ಒಯ್ದೆ. ತುಂಗಭದ್ರಾ ಎಡದಂಡೆ ಕಾಲುವೆ ಅದರಲ್ಲಿ ನೀಲಿ ಗೆರೆಯಾಗಿ ಕಾಣುತ್ತಿತ್ತು. ಮುನಿರಾಬಾದಿನ ಡ್ಯಾಮಿನಿಂದ ಹೊರಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಅಂತ ಹೋಗುವ ಗೆರೆ. "ಇದರಲ್ಲಿ ಕೆಳಭಾಗ ಯಾವುದು?" ಅಂತ ಕೇಳಿದೆ. ಮಾನ್ವಿ ಕಡೆಯ ಒಬ್ಬರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಎದ್ದು ಬಂದು ಹಾಳೆಯ ಕೆಳತುದಿಗೆ ಬೆರಳಿಟ್ಟರು. ಆಮೇಲೆ ಅಲ್ಲಿ ಬರೆದ ಹೆಸರು ಓದಿದರು. ಗಂಗಾವತಿ. ಹುಬ್ಬು ಗಂಟಿಕ್ಕಿತು.

"ಸರ, ಇದು ಉಲ್ಟಾ ಐತ್ರಿ. ಗಂಗಾವತಿ ಅಂದ್ರ ಮ್ಯಾಲಿನ ಭಾಗ. ಕೆಳಭಾಗದಾಗ ಇರೋರು ನಾವು. ನೀರು ಬರಂಗಿಲ್ಲ ಅಂತ ವರ್ಷಾ ಬಡಕೊಳ್ಳೋರು ನಾವ."

ಅವರು ಹೇಳಿದ್ದು ಸರಿ. ನಕಾಶೆಯೂ ಸರಿ. ನಮ್ಮ ಬಾಯಲ್ಲಿ ಮೇಲೆ, ಕೆಳಗೆ ಅನ್ನುವುದು ನೀರಿನ ಮಾತು. ನೀರು ಎಲ್ಲಿಂದ ಬರುತ್ತದೋ ಅದು ಮೇಲೆ, ಎಲ್ಲಿಗೆ ಹೋಗಿ ಬತ್ತುತ್ತದೋ ಅದು ಕೆಳಗೆ. ಹಾಳೆಯ ಮೇಲೆ ಹಾಗಿಲ್ಲ. ಅಲ್ಲಿ ಉತ್ತರ ದಿಕ್ಕು ಮೇಲೆ. ಮಾನ್ವಿ ಗಂಗಾವತಿಗಿಂತ ಉತ್ತರಕ್ಕಿದೆ, ಹಾಗಾಗಿ ಹಾಳೆಯಲ್ಲಿ ಮೇಲೆ ಹೋಗಿ ಕೂತಿದೆ. ಕೆಳಭಾಗದ ರೈತ ನಕಾಶೆಯಲ್ಲಾದರೂ ಮೇಲಿದ್ದಾನಲ್ಲ ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಪ್ರಶ್ನೆಗಳು ಬರಲು ಶುರುವಾದದ್ದು ಆಗಲೇ.

ಊರೊಳಗೂ ಇದೇ. ಮ್ಯಾಲಿನ ಓಣಿ, ಕೆಳಗಿನ ಓಣಿ ಅನ್ನುತ್ತೇವೆ. ಮಳೆ ನೀರು ಹರಿಯುವ ಇಳಿಜಾರು ನೋಡಿ ಇಟ್ಟ ಹೆಸರು. (ಕೆಳಗಿನ ಓಣಿ ಅನ್ನುವ ಮಾತಿನಲ್ಲಿ ಬರೀ ಇಳಿಜಾರು ಇರುವುದಿಲ್ಲ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು.) ಹೀಗೆ ತಲೆಯೊಳಗೆ ಒಂದು ನಕಾಶೆ ಆಗಲೇ ಗಟ್ಟಿಯಾಗಿ ಕೂತಿರುವವರಿಗೆ ಏನೂ ಗೊತ್ತಿಲ್ಲದ ಮಕ್ಕಳಿಗೆ ಕಲಿಸಿದ ಹಾಗೆ ಕಲಿಸಿದರೆ ಎರಡೂ ನಕಾಶೆ ಡಿಕ್ಕಿ ಹೊಡೆಯುತ್ತವೆ. ಕಲಿಯುವವರು ತಾನೇ ದಡ್ಡ ಅಂದುಕೊಂಡು ಎದ್ದು ಹೋಗುತ್ತಾರೆ.

ಅವತ್ತಿನಿಂದ ನಾನು ಗೋಡೆಗೆ ನಕಾಶೆ ಹಾಕುವುದನ್ನೇ ಬಿಟ್ಟೆ. ನೆಲಕ್ಕೆ ಹಾಸುತ್ತೇನೆ. ಹಾಳೆಯ ಉತ್ತರ ನಿಜವಾದ ಉತ್ತರಕ್ಕೆ ಬರುವ ಹಾಗೆ ತಿರುಗಿಸಿ, ಎಲ್ಲರೂ ಸುತ್ತ ಕೂರುವುದು. ಉತ್ತರ ಹುಡುಕುವುದೇ ಮೊದಲ ಪಾಠ. ಸೂರ್ಯ ಹುಟ್ಟುವ ಕಡೆ ಪೂರ್ವ ಅಂತ ಶಾಲೆಯಲ್ಲಿ ಹೇಳಿಕೊಟ್ಟಿರುತ್ತಾರೆ. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಸರಿಯಾದ ಪೂರ್ವಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಅದನ್ನೇ ನಂಬಿ ಹಳ್ಳಿ ನಕಾಶೆ ತಿರುಗಿಸಿದರೆ ಪಕ್ಕದವನ ಹೊಲಕ್ಕೆ ಹೋಗಿ ನಿಲ್ಲುತ್ತೀರಿ. ಮೇ ಮೊದಲ ವಾರ ಮಧ್ಯಾಹ್ನಕ್ಕೆ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ನೆರಳು ನೋಡಿ ದಿಕ್ಕು ಹೇಳೋಣ ಅಂದರೆ ನೆರಳೇ ಇರುವುದಿಲ್ಲ. ಹಾಗಾಗಿ ಊರಲ್ಲಿ ಕದಲದ ಗುರುತು ಹುಡುಕಿಸುತ್ತೇನೆ. ಈಶ್ವರನ ಗುಡಿ ಜಾಸ್ತಿ ಪೂರ್ವಕ್ಕೆ ಮುಖ ಮಾಡಿರುತ್ತದೆ. ಹನುಮಪ್ಪನನ್ನು ನಂಬಬೇಡಿ, ಅವನು ಎಷ್ಟೋ ಊರಲ್ಲಿ ದಕ್ಷಿಣಕ್ಕೆ ನೋಡುತ್ತಾನೆ. ಮಸೀದಿ ಇದ್ದರೆ ಕೆಲಸ ಸಲೀಸು. ನಮಾಜಿಗೆ ಮುಖ ಮಾಡಿ ನಿಲ್ಲುವ ಗೋಡೆ ಹೆಚ್ಚುಕಡಿಮೆ ಪಶ್ಚಿಮ. ಅಲ್ಲಿ ನಿಂತು ಬಲಗೈ ಚಾಚಿದರೆ ಉತ್ತರ. ಆಮೇಲೆ ಬೇಕಾದರೆ ಫೋನಿನ ದಿಕ್ಸೂಚಿ ತೆಗೆದು ತಾಳೆ ನೋಡಲಿ.

ಎರಡನೇ ಪಾಠ ಚೆಕ್ಕುಬಂದಿ. ಇದು ನನಗೆ ತುಂಬಾ ಇಷ್ಟ. ಓದು ಬಾರದ ರೈತನಿಗೂ ತನ್ನ ಹೊಲದ ಚೆಕ್ಕುಬಂದಿ ಬಾಯಿಪಾಠ ಇರುತ್ತದೆ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸ್ವಂತ ದಾಯಾದಿ. ಇದು ಬಾಯಲ್ಲಿ ಬರೆದ ನಕಾಶೆ ಅಲ್ವಾ? ಒಬ್ಬೊಬ್ಬರಿಗೂ ರಂಗೋಲಿ ಪುಡಿ ಕೊಟ್ಟು "ನಿಮ್ಮ ಚೆಕ್ಕುಬಂದಿ ನೆಲದ ಮೇಲೆ ಹಾಕಿ" ಅನ್ನುತ್ತೇನೆ. ಹೊಲ ಇಲ್ಲದವರು ಮನೆಯದ್ದು ಹಾಕುತ್ತಾರೆ, ಮನೆಯೂ ತಮ್ಮದಲ್ಲದವರು ತಾವು ಕೂಲಿಗೆ ಹೋಗುವ ಹೊಲದ್ದು ಹಾಕುತ್ತಾರೆ. ದೇವದುರ್ಗ ಕಡೆಯಿಂದ ಸಿಂಧನೂರಿಗೆ ಮದುವೆಯಾಗಿ ಬಂದ ಒಬ್ಬ ಅಕ್ಕ, ಸಹಿ ಮಾಡಲು ಮಾತ್ರ ಬರುವವರು, ತಮ್ಮ ತವರಿನ ದೊಡ್ಡಿಯಿಂದ (ದೊಡ್ಡಿ ಅಂದರೆ ಅಲ್ಲಿ ಸಣ್ಣ ಜನವಸತಿ) ನೀರಿನ ಬಾವಿವರೆಗಿನ ದಾರಿಯನ್ನು ಎಷ್ಟು ಚೆನ್ನಾಗಿ ಹಾಕಿದರು ಅಂದರೆ, ತಿರುವು ತಿರುವಿಗೂ ಬೇವಿನ ಗಿಡ, ಕಲ್ಲುಬಂಡೆ, ನಾಯಿ ಕಟ್ಟುವ ಮನೆ ಎಲ್ಲ ಬಂದಿತ್ತು. ನಾನು ಲೈಸೆನ್ಸ್ ಪಡೆಯುವಾಗ ಹಾಕಿದ ಮೊದಲ ಸ್ಕೆಚ್ಚು ಅದರ ಮುಂದೆ ಏನೂ ಅಲ್ಲ. ಅವರಿಗೆ ಬಾರದೇ ಇದ್ದದ್ದು ಒಂದೇ, ಅಳತೆ. ಬಾವಿ ದೂರ ಅನ್ನಿಸಿದಾಗ ಗೆರೆ ಉದ್ದವಾಗಿತ್ತು, ಖುಷಿಯಿಂದ ನಡೆದ ದಾರಿ ಗಿಡ್ಡವಾಗಿತ್ತು.

ಅಳತೆಯನ್ನು 1:50,000 ಅಂತ ಶುರು ಮಾಡಿದರೆ ಅಲ್ಲೇ ಕ್ಲಾಸು ಸತ್ತುಹೋಗುತ್ತದೆ. ಗುಂಟೆಯಿಂದ ಶುರು ಮಾಡಿ. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. 40 ಗುಂಟೆಗೆ ಎಕರೆ. ದೊಡ್ಡವರ ಹೆಜ್ಜೆ ಸುಮಾರು ಎರಡೂವರೆ ಅಡಿ ಅಂದರೆ 13 ಹೆಜ್ಜೆಗೆ ಒಂದು ಗುಂಟೆಯ ಬದಿ ಮುಗಿಯಿತು. ಮೈದಾನದಲ್ಲಿ ನಡೆಸಿ, ಅವರವರ ಹೆಜ್ಜೆ ಅವರೇ ಎಣಿಸಿಕೊಳ್ಳಲಿ. ಆಮೇಲೆ ಗ್ರಾಮ ನಕಾಶೆ ಕೊಡಿ. ಅದರ ಮೂಲೆಯಲ್ಲಿ 1:7920 ಅಂತ ಬರೆದಿದ್ದರೆ ಒಂದು ಇಂಚಿಗೆ 660 ಅಡಿ. ಅಂದರೆ ಹಾಳೆಯ ಮೇಲಿನ ಒಂದು ಚದರ ಇಂಚು ನೆಲದ ಮೇಲೆ ಸರಿಯಾಗಿ 10 ಎಕರೆ. ಇದನ್ನು ಹೇಳಿದ ಕ್ಷಣ ಕ್ಲಾಸಿನಲ್ಲಿ ಮೂಡುವ ಮುಖಗಳನ್ನು ನೀವು ನೋಡಬೇಕು. ಸ್ಕೇಲು ಅನ್ನುವುದು ಲೆಕ್ಕದ ಮೇಷ್ಟರ ಮಾತಾಗಿದ್ದದ್ದು ಒಮ್ಮೆಗೇ ಕೈಗೆ ಸಿಗುವ ವಸ್ತುವಾಗುತ್ತದೆ. ಸಿರುಗುಪ್ಪ ಕಡೆಯವರು ಕ್ಲಾಸಿನಲ್ಲಿದ್ದರೆ ಅವರು ಸೆಂಟ್ ಲೆಕ್ಕ ಹೇಳುತ್ತಾರೆ. ಬಳ್ಳಾರಿ ಮದ್ರಾಸಿನ ಕೈಯಲ್ಲಿತ್ತು, ನಾವು ನಿಜಾಮನ ಕೈಯಲ್ಲಿದ್ದೆವು, ಅದಕ್ಕೇ ನದಿಯ ಆಚೆ ಒಂದು ಲೆಕ್ಕ, ಈಚೆ ಒಂದು ಲೆಕ್ಕ. ಎರಡೂವರೆ ಸೆಂಟಿಗೆ ಒಂದು ಗುಂಟೆ. ಕೆಲಸಕ್ಕೆ ಅಂತ ಎರಡೂ ಕಡೆ ಓಡಾಡುವವರಿಗೆ ಎರಡೂ ಗೊತ್ತಿರಬೇಕು.

ಈಗ ನೀವು ಕೇಳಬಹುದು, ಇದೆಲ್ಲ ಸರ್ವೇಯರ್ ಆಗುವವರಿಗೆ ಬೇಕು, ಪಾರ್ಸೆಲ್ ಹಂಚುವ ಹುಡುಗನಿಗೆ ಯಾಕೆ? ಫೋನ್ ಇದೆಯಲ್ಲ?

ಫೋನ್ ಇದೆ. ನಾನೂ ದಿಶಾಂಕ್ ಆಪ್ ಇಲ್ಲದೆ ಹೊಲಕ್ಕೆ ಇಳಿಯುವುದಿಲ್ಲ. ನಿಂತ ಜಾಗದ ಸರ್ವೆ ನಂಬರ್ ಅದು ತೋರಿಸುತ್ತದೆ. ಆದರೆ ಫೋನು ತೋರಿಸಿದ್ದು ಸರಿಯೋ ತಪ್ಪೋ ಅಂತ ಹೇಳುವುದಕ್ಕೆ ಮನುಷ್ಯನಿಗೇ ನಕಾಶೆ ಗೊತ್ತಿರಬೇಕು. ನಮ್ಮ ಕ್ಲಾಸಿನ ಒಬ್ಬ ಹುಡುಗ ಪಾರ್ಸೆಲ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನು 4 ಕಿಲೋಮೀಟರಿನ ಅಡ್ಡದಾರಿ ತೋರಿಸಿತು. ಬಂಡಿದಾರಿ, ಅದೂ ಕಪ್ಪು ಮಣ್ಣಿನ ಎರೆ ಹೊಲದ ನಡುವೆ, ಹಿಂದಿನ ರಾತ್ರಿ ಮಳೆ ಬೇರೆ. ಎರೆ ಮಣ್ಣು ಗೊತ್ತಲ್ಲ, ಗಾಲಿಗೆ ಮೆತ್ತಿ ಮಡ್‌ಗಾರ್ಡ್ ತುಂಬಿ ಗಾಲಿ ತಿರುಗುವುದೇ ನಿಂತುಹೋಗುತ್ತದೆ. ಬೈಕು ಅಲ್ಲೇ ಬಿಟ್ಟು ಪಾರ್ಸೆಲ್ ತಲೆ ಮೇಲೆ ಹೊತ್ತು ನಡೆದ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದಲ್ಲಿ ಆ ದಾರಿ ನಡೆಯುತ್ತಿತ್ತು. ಫೋನಿನ ನಕಾಶೆಯಲ್ಲಿ ಎರೆ, ಮಸಾರಿ ಅನ್ನುವ ಬಣ್ಣವೇ ಇಲ್ಲ. ಆ ಹುಡುಗ ರೈತನ ಮಗ. ನೆಲದ ಗುಣ ಅವನಿಗೆ ಗೊತ್ತಿಲ್ಲ ಅಂತಲ್ಲ. ಗೆರೆಯನ್ನೂ ನೆಲವನ್ನೂ ಒಟ್ಟಿಗೆ ಇಟ್ಟು ಯೋಚಿಸಬಹುದು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಮ್ಮ ಕ್ಯಾಂಪುಗಳ ಕಥೆ ಇನ್ನೊಂದು. ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದವರು ಕಟ್ಟಿಕೊಂಡ ಕ್ಯಾಂಪುಗಳು, ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳು, ಆಚೆ ಲಿಂಗಸುಗೂರು, ದೇವದುರ್ಗದ ಕಡೆ ತಾಂಡಾ, ದೊಡ್ಡಿ, ಹಟ್ಟಿ. ಎಷ್ಟೋ ಕಡೆ ಒಂದೇ ಹೆಸರಿನ ಎರಡು ಕ್ಯಾಂಪು. ಆರ್.ಎಚ್. ಕ್ಯಾಂಪಿಗೆ ಬರೀ ನಂಬರು, ಒಂದು ಅಂಕಿ ತಪ್ಪಿದರೆ ಬೇರೆ ಊರು. ವಿಳಾಸ ಅಂದರೆ 'ಹನುಮಪ್ಪನ ಗುಡಿ ಹಿಂದೆ'. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಸುಮಾರು 4 ಮೀಟರ್ ಚೌಕಕ್ಕೆ ಒಂದರಂತೆ 10 ಅಕ್ಷರ-ಅಂಕಿಗಳ ಗುರುತು. ಒಳ್ಳೆಯದೇ. ಆದರೆ ಅದು ತೋರಿಸುವುದು ಚೌಕವನ್ನು. ಆ ಚೌಕ ಕಾಲುವೆಯ ಯಾವ ದಂಡೆಯಲ್ಲಿದೆ, ದಾಟುವ ಸೇತುವೆ ಎಷ್ಟು ದೂರ ಅನ್ನುವುದನ್ನು ಹೋಗುವವನೇ ಓದಿಕೊಳ್ಳಬೇಕು. ಪಾರ್ಸೆಲ್‌ಗೆ ಇಷ್ಟು ಅಂತ ಕೂಲಿ ಸಿಗುವವನಿಗೆ ತಪ್ಪಿದ ಪ್ರತಿ ಸೇತುವೆಯೂ ತನ್ನ ಪೆಟ್ರೋಲು.

ಅಂಕಿಯ ತಪ್ಪು ಅಂದಾಗ ನನ್ನದೇ ಒಂದು ಹೇಳಿಬಿಡುತ್ತೇನೆ. ರಾಯಚೂರು ನಗರ ಸುಮಾರು 16.2 ಉತ್ತರ ಅಕ್ಷಾಂಶ, 77.35 ಪೂರ್ವ ರೇಖಾಂಶದಲ್ಲಿದೆ. ಹೊಸದರಲ್ಲಿ ಒಂದು ಜಾಗದ ಅಂಕಿಗಳನ್ನು ಹಿಂದುಮುಂದು ಮಾಡಿ ಹಾಕಿದೆ. ಫೋನು ಸೀದಾ ಉತ್ತರ ಧ್ರುವದ ಹತ್ತಿರದ ಸ್ವಾಲ್ಬಾರ್ಡ್ ದ್ವೀಪಕ್ಕೆ ಹೋಯಿತು. ಹೊರಗೆ ರಾಯಚೂರಿನ ಏಪ್ರಿಲ್ ಬಿಸಿಲು, ಕೈಯಲ್ಲಿ ಮಂಜುಗಡ್ಡೆಯ ನಾರ್ವೆ. ಈ ಕಥೆಯನ್ನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಯಾವ ಅಂಕಿ ಮೊದಲು ಅನ್ನುವುದನ್ನು ಇದಾದ ಮೇಲೆ ಯಾರೂ ಮರೆತಿಲ್ಲ. ಸಣ್ಣ ತಪ್ಪು ಹೀಗೆ ನಗಿಸುವುದಿಲ್ಲ. ದಶಮಾಂಶ ಬಿಂದುವಿನ ನಂತರದ ಮೂರನೇ ಅಂಕಿ ಒಂದು ಹೆಚ್ಚುಕಡಿಮೆ ಆದರೆ ಸುಮಾರು 110 ಮೀಟರ್ ಆಚೀಚೆ. ನಿಮ್ಮ ಕೃಷಿ ಹೊಂಡ ಪಕ್ಕದವರ ಹೊಲದಲ್ಲಿ ಕಾಣುತ್ತದೆ. ಆಮೇಲೆ ಬಿಲ್ಲು ತಡೆಯುತ್ತಾರೆ.

ಇಂಥ ಕೆಲಸಗಳು ಈಗ ಎಷ್ಟಿವೆ ನೋಡಿ. ಬೆಳೆ ಸಮೀಕ್ಷೆಗೆ ಊರಿನ ಯುವಕರನ್ನು ಖಾಸಗಿ ನಿವಾಸಿ ಅಂತ ತೆಗೆದುಕೊಳ್ಳುತ್ತಾರೆ, ಸರ್ವೆ ನಂಬರ್ ಹುಡುಕಿ ಹೊಲದಲ್ಲಿ ನಿಂತು ಫೋಟೋ ತೆಗೆಯಬೇಕು. ಉದ್ಯೋಗ ಖಾತ್ರಿಯಲ್ಲಿ ಕೂಲಿಕಾರರ ಗುಂಪು ನೋಡಿಕೊಳ್ಳುವ ಕಾಯಕ ಬಂಧುಗಳು ಜಿಪಿಎಸ್ ಫೋಟೋಗಳ ನಡುವೆಯೇ ಕೆಲಸ ಕಲಿತರು. ಭತ್ತ ಕಟಾವಿನ ಮಷಿನ್ ಓಡಿಸುವವನಿಗೆ ಲೊಕೇಶನ್ ಕಳಿಸುತ್ತಾರೆ. ಆಂಬುಲೆನ್ಸ್ ಚಾಲಕನ ಬಗ್ಗೆ ನಾನು ಬಿಡಿಸಿ ಹೇಳಬೇಕಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಮನೆ ಹುಡುಕಲು ಗಣತಿದಾರರು ಪಟ್ಟ ಪಾಡು ಪೇಪರಿನಲ್ಲೆಲ್ಲ ಬಂತು. ಅವರಲ್ಲಿ ಹೆಚ್ಚಿನವರು ಶಿಕ್ಷಕರು, ಓದಿದವರು. ಓದು ಬೇರೆ, ನಕಾಶೆ ಓದು ಬೇರೆ.

ದೊಡ್ಡವರಿಗೆ ಇದೆಲ್ಲ ತಲೆಗೆ ಹತ್ತುತ್ತದೆಯೇ ಅಂತ ಒಬ್ಬ ಅಧಿಕಾರಿ ನನ್ನನ್ನು ಕೇಳಿದ್ದರು. ಅವರಿಗೆ ನಾನು ಪಕ್ಕದ ಬಳ್ಳಾರಿಯ ಹಳೆಯ ಕಥೆ ಹೇಳಿದೆ. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದು 1807ರವರೆಗೆ ಇದ್ದ. ಹೊಲ ಹೊಲವನ್ನೂ ಅಳೆಸಬೇಕು ಅಂತ ಹೊರಟಾಗ, 1802ರಲ್ಲಿ, ಅಷ್ಟು ದೊಡ್ಡ ಸೀಮೆಯಲ್ಲಿ ಅಳತೆ ಗೊತ್ತಿದ್ದವರು ನಾಲ್ಕೇ ಗುಮಾಸ್ತರು. ಅವರೇ ಅಲ್ಲಿನ ಜನರಿಗೆ ಕಲಿಸಿದರು. ಕಲಿತವರನ್ನು ಕೆಲಸಕ್ಕೆ ಹಚ್ಚಿದರು. ಮರುವರ್ಷದ ಹೊತ್ತಿಗೆ ಅಳೆಯುವವರು ನೂರರ ಹತ್ತಿರ ಆಗಿದ್ದರು. ಕೈಯಲ್ಲಿ ಇದ್ದದ್ದು 33 ಅಡಿಯ ಚೈನು. ಅವರು ಕಲಿತದ್ದು ಹೊಲದಲ್ಲಿ ಚೈನು ಎಳೆಯುತ್ತಾ. ಕಂದಾಯ ವಸೂಲಿಗೆ ಅಂತ ಆಗ ಸಾಧ್ಯವಾದದ್ದು ಜನರ ಹೊಟ್ಟೆಪಾಡಿಗೆ ಅಂತ ಈಗ ಆಗುವುದಿಲ್ಲವೇ? ಆ ಅಧಿಕಾರಿ ಚಹಾ ತರಿಸಿದರು, ಉತ್ತರ ಹೇಳಲಿಲ್ಲ.

ಖರ್ಚಿನ ಮಾತು. ಗ್ರಾಮ ನಕಾಶೆಗಳು ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ, ಮುದ್ರಿಸಿದರೆ ಆಯಿತು. ಒಂದು ಬ್ಯಾಚಿಗೆ ನಾಲ್ಕು ಟೇಪು, ಒಂದು ಚೀಲ ರಂಗೋಲಿ ಪುಡಿ, ಕೆಲವು ಸ್ಕೇಲು. ಕಲಿಸಲು ನಿವೃತ್ತ ಸರ್ವೇಯರುಗಳಿದ್ದಾರೆ, ಮನೆಯಲ್ಲಿ ಕೂತು ಬೇಸರ ಪಡುತ್ತಿದ್ದಾರೆ. ಅವರಲ್ಲಿ ಕೆಲವರಿಗೆ ನಿಜಾಮನ ಕಾಲದ ಉರ್ದು ಕಾಗದ ಓದಲೂ ಬರುತ್ತದೆ, ಅದು ಇನ್ನು ಹತ್ತು ವರ್ಷಕ್ಕೆ ಸಿಗುವ ವಿದ್ಯೆಯಲ್ಲ. ಬಿಸಿಲಿನ ಪಾಠ ಬಿಟ್ಟು ಉಳಿದ ಕ್ಲಾಸು ಸಂಜೆ ಆರರ ಮೇಲೆ ಇಟ್ಟರೆ ಕೂಲಿ ತಪ್ಪುವುದಿಲ್ಲ. ಹೆಣ್ಣುಮಕ್ಕಳ ಬ್ಯಾಚಿಗೆ ಮಾತ್ರ ಹೊತ್ತು ಬೇರೆ ಬೇಕು. ಅವರ ಸಂಜೆ ಒಲೆಯ ಮುಂದೆ ಕಳೆಯುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕು ಅವರಿಗೆ ಬಿಡುವು, ಇದನ್ನು ಅವರೇ ಹೇಳಿದ್ದು.

ಪರೀಕ್ಷೆ ವಿಷಯದಲ್ಲಿ ಒಂದು ಬೇಡಿಕೆ ಇದೆ, ಇದನ್ನು ದಯವಿಟ್ಟು ಸಡಿಲ ಮಾಡಬೇಡಿ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆ ಇದಕ್ಕೆ ಬೇಡ. ಗೊತ್ತಿಲ್ಲದ ಊರಿಗೆ ಕರೆದುಕೊಂಡು ಹೋಗಿ. ಫೋನು ಇಸಿದುಕೊಳ್ಳಿ. ಗ್ರಾಮ ನಕಾಶೆ ಕೈಗೆ ಕೊಟ್ಟು ಒಂದು ಸರ್ವೆ ನಂಬರ್ ಹೇಳಿ. ಅಲ್ಲಿಗೆ ನಡೆದು ಹೋಗಿ, ಗಡಿಯ ಬಾಂದುಕಲ್ಲು ಹುಡುಕಿ, ವಾಪಸು ಬಂದು ದಾರಿಯಲ್ಲಿ ಏನೇನು ದಾಟಿದೆ ಅಂತ ಹೇಳಲಿ. ಎರಡನೇ ಸುತ್ತಿನಲ್ಲಿ ಫೋನು ವಾಪಸು ಕೊಟ್ಟು, ಫೋನಿಗೂ ಹಾಳೆಗೂ ಎಲ್ಲಿ ತಾಳೆಯಾಗಲಿಲ್ಲ ಅಂತ ಕೇಳಿ. ತಾಳೆಯಾಗದ ಜಾಗ ಒಂದಾದರೂ ಸಿಕ್ಕೇ ಸಿಗುತ್ತದೆ. ಅದನ್ನು ಹಿಡಿದು ತಂದವರಿಗೆ ಪೂರ್ತಿ ಅಂಕ ಕೊಡಿ.

ಇದೆಲ್ಲ ಕಾಗದದ ಮೇಲೆ ಓದುವುದಕ್ಕಿಂತ ಒಮ್ಮೆ ಬಂದು ನೋಡಿದರೆ ಚೆನ್ನ. ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲಿನ ಯಾವುದಾದರೂ ಶನಿವಾರ ಆಗಬಹುದು. ಮಾನ್ವಿಯ ಆ ಹಿರಿಯರು ಈಗ ನನ್ನ ಜೊತೆ ಟೇಪಿನ ಇನ್ನೊಂದು ತುದಿ ಹಿಡಿಯುತ್ತಾರೆ, ದಿನಗೂಲಿಗೆ. ಹೊಸ ಬ್ಯಾಚಿಗೆ ಕಾಲುವೆಯ ಪಾಠ ಅವರೇ ಮಾಡುವುದು. ನೀವು ಬಂದರೂ ಮೊದಲು ಕೇಳುವುದು ಅದನ್ನೇ, ಈಗಲೇ ಹೇಳಿಬಿಡುತ್ತೇನೆ: "ಸಾಹೇಬ್ರ, ಇದರಾಗ ಕೆಳಭಾಗ ಯಾವುದ್ರಿ?"

ಇಂತಿ ತಮ್ಮ ವಿಶ್ವಾಸಿ,
ಸಿಂಧನೂರು ತಾಲ್ಲೂಕಿನ ಒಬ್ಬ ಪರವಾನಗಿ ಭೂಮಾಪಕ